ಲೆಕ್ಕಕ್ಕೆ ಸಿಕ್ಕಿದ ಸೂಕ್ಷ್ಮಜೀವಿ

೧೯೪೧ನೆಯ ಇಸವಿ ಫೆಬ್ರವರಿ ೧೨ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ರ್‍ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಒಬ್ಬ ಪೊಲೀಸ್ ಪೇದೆ ಸಾವಿನ ಬಾಗಿಲಲ್ಲಿ ಮಲಗಿದ್ದನು. ಆಲ್ಬರ್ಟ್ ಅಲೆಕ್ಸಾಂಡರ್ ಎಂದು ಅವನ ಹೆಸರು, ವಯಸ್ಸು ನಲವತ್ತಮೂರು. ಮುಖದಲ್ಲಿ ಆರಂಭವಾದ ನಂಜು ಮೈಗೆಲ್ಲ ಹರಡಿತ್ತು; ಒಂದು ಕಣ್ಣನ್ನು ಆಗಲೇ ತೆಗೆದುಹಾಕಬೇಕಾಗಿ ಬಂದಿತ್ತು. ಆ ದಿನ ವೈದ್ಯರು ಅವನಿಗೆ ಪೆನಿಸಿಲಿನ್ ಎಂಬ ಹೊಸ ಮದ್ದನ್ನು ಚುಚ್ಚಿದರು. ಒಂದು ದಿನ ಕಳೆಯುವುದರೊಳಗೆ ರೋಗಿ ಗೆಲುವಾಗತೊಡಗಿದನು. ಜ್ವರ ಇಳಿಯಿತು, ಹಸಿವು ಮರಳಿತು. ಆದರೆ ಐದು ದಿನಗಳಲ್ಲಿ ಮದ್ದು ಮುಗಿದುಹೋಯಿತು. ಅವನ ಮೂತ್ರದಲ್ಲಿ ಹೊರಬಿದ್ದ ಪೆನಿಸಿಲಿನ್ನನ್ನು ಪ್ರಯೋಗಶಾಲೆಗೆ ಒಯ್ದು, ಶೋಧಿಸಿ, ಮತ್ತೆ ಅವನಿಗೇ ಕೊಟ್ಟಿದ್ದರು. ಅದೂ ತೀರಿತು. ನಂಜು ಮರುಕಳಿಸಿತು. ಮಾರ್ಚ್ ೧೫ರಂದು ಅವನು ಕಣ್ಮುಚ್ಚಿದನು.

ಈ ಸಾವಿನಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ರೋಗ ಯಾವುದೆಂದು ವೈದ್ಯರಿಗೆ ಗೊತ್ತಿತ್ತು. ಮದ್ದು ಯಾವುದೆಂದೂ ಗೊತ್ತಿತ್ತು. ಮದ್ದು ಗುಣ ಕೊಡುತ್ತದೆಂಬುದನ್ನು ಕಣ್ಣಾರೆ ಕಂಡದ್ದೂ ಆಗಿತ್ತು. ಇಲ್ಲದೆ ಹೋದುದು ಒಂದೇ, ಬೇಕಾದಷ್ಟು ಪ್ರಮಾಣ. ಆ ಐದು ದಿನಗಳಲ್ಲಿ ಅವನಿಗೆ ಕೊಟ್ಟದ್ದು ಒಟ್ಟು ೪.೪ ಗ್ರಾಂ ಪುಡಿ. ಅದರಲ್ಲಿ ಶುದ್ಧವಾದ ಪೆನಿಸಿಲಿನ್ ನೂರಕ್ಕೆ ಕೆಲವೇ ಪಾಲು. ಇಂದು ಔಷಧದಂಗಡಿಯಲ್ಲಿ ಸಿಕ್ಕುವ ೨೫೦ ಮಿಲಿಗ್ರಾಮಿನ ಒಂದು ಪೆನಿಸಿಲಿನ್ ಮಾತ್ರೆಯಲ್ಲಿ ಅದಕ್ಕಿಂತ ಹೆಚ್ಚು ಮದ್ದಿದೆ. ಅಲೆಕ್ಸಾಂಡರನ ಪ್ರಾಣ ಹೋದುದು ‘ಏನು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕದೆ ಅಲ್ಲ, ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕದೆ.

ಇಂದು ದೇಶವಿದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಸೂಕ್ಷ್ಮಜೀವಿಗಳ ತಂತ್ರವಿದ್ಯೆಯನ್ನು ಲೆಕ್ಕಾಚಾರಸಹಿತವಾಗಿ ಕಲಿಸುತ್ತಾರೆ. ಜೀವಶಾಸ್ತ್ರವೆಂದರೆ ಚಿತ್ರ ಬರೆದು ಹೆಸರು ಬಾಯಿಪಾಠ ಮಾಡುವುದೆಂದು ತಿಳಿದು ಬಂದ ಹುಡುಗರು, ಮೊದಲ ವಾರದಲ್ಲೇ ಕರಿಹಲಗೆಯ ತುಂಬ ಸಮೀಕರಣಗಳನ್ನು ಕಂಡು ಬೆಚ್ಚುವುದುಂಟು. ಸೂಕ್ಷ್ಮಜೀವಿಗೂ ಗಣಿತಕ್ಕೂ ಏನು ನಂಟು? ಆ ನಂಟು ಬೆಳೆದು ಬಂದ ಕಥೆಯೇ ಈ ಲೇಖನದ ವಿಷಯ.

ಮೊದಲು ಆಕ್ಸ್‌ಫರ್ಡಿಗೇ ಮರಳೋಣ. ಪೆನಿಸಿಲಿನ್ನನ್ನು ಅಲೆಕ್ಸಾಂಡರ್ ಫ್ಲೆಮಿಂಗರು ಲಂಡನ್ನಿನಲ್ಲಿ ಕಂಡದ್ದು ೧೯೨೮ರಲ್ಲಿ. ಹನ್ನೊಂದು ವರ್ಷಗಳ ಮೇಲೆ ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿ ಮತ್ತು ಅರ್ನ್‌ಸ್ಟ್ ಚೈನ್ ಅವರು ಅದನ್ನು ಮದ್ದಾಗಿ ಮಾಡುವ ಕೆಲಸಕ್ಕೆ ಕೈಹಾಕಿದರು. ಅವರ ಬಳಗದಲ್ಲಿ ನಾರ್ಮನ್ ಹೀಟ್ಲಿ ಎಂಬ ತರುಣರಿದ್ದರು. ಬೂಷ್ಟನ್ನು ಬೆಳೆಸುವ ಹೊಣೆ ಅವರದು. ಈ ಬೂಷ್ಟಿಗೆ ಗಾಳಿ ಬೇಕು; ಆದುದರಿಂದ ಅದು ರಸದ ಮೇಲ್ಮೈಯಲ್ಲಿ ಚಾಪೆಯಂತೆ ಹರಡಿ ಬೆಳೆಯುತ್ತಿತ್ತು. ಯುದ್ಧಕಾಲದಲ್ಲಿ ಪಾತ್ರೆಗಳಿಗೂ ಬರ. ಹೀಟ್ಲಿಯವರು ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆಗೆ ಕೊಡುವ ಮಲದ ಪಾತ್ರೆಗಳಲ್ಲೂ ಬೂಷ್ಟನ್ನು ಬೆಳೆಸಿ ನೋಡಿ, ಕೊನೆಗೆ ಅದೇ ಮಾದರಿಯಲ್ಲಿ ಪಿಂಗಾಣಿಯ ಚಪ್ಪಟೆ ಪಾತ್ರೆಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿದರು.

ಹೀಟ್ಲಿಯವರ ಇನ್ನೊಂದು ಕೆಲಸ ಇದಕ್ಕಿಂತ ಹಿರಿದು. ರಸದಲ್ಲಿ ಪೆನಿಸಿಲಿನ್ ಎಷ್ಟಿದೆಯೆಂದು ಅಳೆಯಲು ಆಗ ಯಾವ ತಕ್ಕಡಿಯೂ ಇರಲಿಲ್ಲ. ಅವರು ಒಂದು ತಟ್ಟೆಯಲ್ಲಿ ಗಟ್ಟಿಯಾದ ಲೋಳೆ ಆಹಾರವನ್ನು ಹರಡಿ, ಅದರ ತುಂಬ ರೋಗಾಣುವನ್ನು ಬಿತ್ತಿ, ನಡುವೆ ಸಣ್ಣ ಕೊಳವೆಗಳನ್ನು ನಿಲ್ಲಿಸಿ ಅವುಗಳಲ್ಲಿ ರಸ ತುಂಬಿದರು. ಮದ್ದು ಊರಿ ಹರಡಿದಷ್ಟು ದೂರ ರೋಗಾಣು ಬೆಳೆಯದೆ, ಕೊಳವೆಯ ಸುತ್ತ ಒಂದು ತಿಳಿಯಾದ ವೃತ್ತ ಕಾಣುತ್ತಿತ್ತು. ಆ ವೃತ್ತದ ಅಡ್ಡಳತೆಯಿಂದ ಮದ್ದಿನ ಬಲವನ್ನು ಹೇಳಬಹುದಾಯಿತು. ಹೀಗೆ ಹುಟ್ಟಿದ್ದು ‘ಆಕ್ಸ್‌ಫರ್ಡ್ ಯೂನಿಟ್’ ಎಂಬ ಅಳತೆ. ಶುದ್ಧ ಪೆನಿಸಿಲಿನ್ನಿನ ಒಂದು ಮಿಲಿಗ್ರಾಮಿನಲ್ಲಿ ಇಂಥ ಸುಮಾರು ೧,೬೫೦ ಯೂನಿಟ್ಟುಗಳಿರುತ್ತವೆ.

ಅಳತೆ ಸಿಕ್ಕಿದೊಡನೆ ಕಷ್ಟದ ಆಳವೂ ತಿಳಿಯಿತು. ಆಕ್ಸ್‌ಫರ್ಡಿನ ಬೂಷ್ಟು ಒಂದು ಮಿಲಿಲೀಟರ್ ರಸದಲ್ಲಿ ಹೆಚ್ಚೆಂದರೆ ಎರಡು ಯೂನಿಟ್ ಕೊಡುತ್ತಿತ್ತು. ಇಂದು ಒಂದು ಸಲಕ್ಕೆ ೧೦ ಲಕ್ಷ ಯೂನಿಟ್ ಚುಚ್ಚುವುದು ಸಾಮಾನ್ಯ. ಆ ಒಂದು ಚುಚ್ಚುಮದ್ದಿಗಾಗಿ ಆಗ ೫೦೦ ಲೀಟರ್ ರಸವನ್ನು ಶೋಧಿಸಬೇಕಾಗುತ್ತಿತ್ತು. ಪಾತ್ರೆಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದರೆ ಈ ಲೆಕ್ಕ ಎಂದಿಗೂ ತೀರುವಂತಿರಲಿಲ್ಲ. ಬೆಳೆಯುವ ಕ್ರಮವನ್ನೇ ಬದಲಾಯಿಸಬೇಕಾಗಿತ್ತು. ಅದಕ್ಕೆ ಸೂಕ್ಷ್ಮಜೀವಿ ಹೇಗೆ ಬೆಳೆಯುತ್ತದೆ, ಎಷ್ಟು ವೇಗದಲ್ಲಿ, ಎಷ್ಟು ಉಂಡು ಎಷ್ಟಾಗುತ್ತದೆ ಎಂಬುದು ತಿಳಿಯಬೇಕು.

ಕಾಕತಾಳೀಯವೆಂಬಂತೆ, ಅದೇ ೧೯೪೧ರಲ್ಲಿ, ಜರ್ಮನರ ವಶವಾಗಿದ್ದ ಪ್ಯಾರಿಸ್ ನಗರದಲ್ಲಿ ಒಬ್ಬ ವಿದ್ಯಾರ್ಥಿ ಈ ಪ್ರಶ್ನೆಗಳನ್ನೇ ಕೈಗೆತ್ತಿಕೊಂಡು ಸೋರ್ಬಾನ್ ವಿಶ್ವವಿದ್ಯಾನಿಲಯಕ್ಕೆ ತನ್ನ ಪ್ರಬಂಧವನ್ನು ಒಪ್ಪಿಸಿದರು. ಜ್ಯಾಕ್ ಮೊನೊ ಎಂದು ಅವರ ಹೆಸರು. ಪೆನಿಸಿಲಿನ್ನಿಗೂ ಅವರಿಗೂ ಸಂಬಂಧವಿರಲಿಲ್ಲ. ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಉಂಡು ಬೆಳೆಯುವ ಬಗೆಯನ್ನು ಅಳೆಯುವುದಷ್ಟೇ ಅವರ ಉದ್ದೇಶ.

ಮೊನೊ ಅವರ ಲೆಕ್ಕವನ್ನು ನಮ್ಮ ಮನೆಯ ಹಾಲಿನ ಪಾತ್ರೆಯಲ್ಲಿ ಅರ್ಥಮಾಡಿಕೊಳ್ಳಬಹುದು. ರಾತ್ರಿ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರು ಸಿದ್ಧ. ಹೆಪ್ಪಿನಲ್ಲಿದ್ದ ಜೀವಿ ಒಂದಿದ್ದದ್ದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಬೆಳೆದ ಫಲ ಅದು. ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯ ಅನುಕೂಲವಿದ್ದಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಎಂಟು ಗಂಟೆಗಳಲ್ಲಿ ಇಪ್ಪತ್ತನಾಲ್ಕು ಸಲ ಇಮ್ಮಡಿ. ಒಂದು ಜೀವಿ ೧,೬೭,೭೭,೨೧೬ ಆಗುತ್ತದೆ. ಇದೇ ವೇಗದಲ್ಲಿ ಒಂದು ಹಗಲು ಒಂದು ರಾತ್ರಿ ಬೆಳೆದರೆ ಆ ಸಂತಾನದ ತೂಕ ನಾಲ್ಕು ಸಾವಿರ ಟನ್ನುಗಳನ್ನು ಮೀರಬೇಕು! ಹಾಗೇಕೆ ಆಗುವುದಿಲ್ಲ? ಊಟ ಮುಗಿಯುತ್ತದೆ, ಗಾಳಿ ಸಾಲದಾಗುತ್ತದೆ, ತಾವೇ ಹೊರಬಿಟ್ಟ ಕಲ್ಮಷ ತಮ್ಮನ್ನೇ ತಡೆಯುತ್ತದೆ.

ಮೊನೊ ಈ ತಡೆಯನ್ನೇ ಅಳೆದರು. ಮೊದಲನೆಯದಾಗಿ, ಉಂಡ ಸಕ್ಕರೆಗೂ ಹುಟ್ಟಿದ ಜೀವರಾಶಿಗೂ ನಿಯತವಾದ ಒಂದು ಪ್ರಮಾಣವುಂಟು ಎಂದು ತೋರಿಸಿದರು. ಗಾಳಿ ಚೆನ್ನಾಗಿ ದೊರೆತಾಗ ಇ. ಕೋಲೈ ಒಂದು ಗ್ರಾಂ ಗ್ಲೂಕೋಸಿನಿಂದ ಸುಮಾರು ಅರ್ಧ ಗ್ರಾಂ ಒಣತೂಕದಷ್ಟು ಬೆಳೆಯುತ್ತದೆ. ಎರಡನೆಯದು ಬೆಳವಣಿಗೆಯ ವೇಗ. ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ. ಬಡಿಸುವವರು ನಿಧಾನವಾದರೆ ಉಣ್ಣುವ ವೇಗ ಬಡಿಸುವವರ ಕೈಯಲ್ಲಿರುತ್ತದೆ. ಎಲೆಯ ತುಂಬ ಬಡಿಸಿಬಿಟ್ಟರೆ, ಎಷ್ಟು ಸುರಿದರೂ ಉಣ್ಣುವ ವೇಗ ಬಾಯಿಯನ್ನು ಮೀರಲಾರದು. ಸೂಕ್ಷ್ಮಜೀವಿಯೂ ಹಾಗೆಯೇ. ಆಹಾರ ವಿರಳವಾಗಿದ್ದಾಗ ವೇಗ ಆಹಾರವನ್ನು ಅನುಸರಿಸುತ್ತದೆ. ಆಹಾರ ಹೇರಳವಾದಾಗ ವೇಗ ಒಂದು ಮೇಲ್ಮಿತಿಯಲ್ಲಿ ನಿಲ್ಲುತ್ತದೆ. ಇದನ್ನು ಒಂದು ಸರಳ ಸೂತ್ರದಲ್ಲಿ ಬರೆದಿಟ್ಟದ್ದೇ ‘ಮೊನೊ ಸಮೀಕರಣ’. ಈ ವಿದ್ಯೆಯನ್ನು ಕಲಿಯಲು ಬಂದ ವಿದ್ಯಾರ್ಥಿಗೆ ಇಂದಿಗೂ ಅದೇ ಓಂಕಾರ.

೧೯೫೦ರಲ್ಲಿ ಮೊನೊ ಅವರೂ, ಅಮೆರಿಕದಲ್ಲಿ ಆರನ್ ನೋವಿಕ್ ಮತ್ತು ಲಿಯೋ ಸಿಲಾರ್ಡ್ ಅವರೂ, ಒಬ್ಬರನ್ನೊಬ್ಬರು ಅನುಸರಿಸದೆ, ಒಂದೇ ಉಪಾಯವನ್ನು ಪ್ರಕಟಿಸಿದರು. ಕೆರೆಗೆ ಒಂದು ಕಡೆಯಿಂದ ನೀರು ಬಂದಷ್ಟೂ ಇನ್ನೊಂದು ಕಡೆ ಕೋಡಿ ಹರಿಯುವಂತೆ, ಪಾತ್ರೆಗೆ ಹೊಸ ಆಹಾರ ಸದಾ ಬರುತ್ತಿರಬೇಕು, ಅಷ್ಟೇ ರಸ ಸದಾ ಹೊರಹೋಗುತ್ತಿರಬೇಕು. ಕೋಡಿಯಲ್ಲಿ ಕೊಚ್ಚಿಹೋದಷ್ಟೂ ಜೀವಿಗಳು ಒಳಗೆ ಹುಟ್ಟುತ್ತಿದ್ದರೆ ಪಾತ್ರೆಯಲ್ಲಿ ಅವುಗಳ ಸಂಖ್ಯೆ ಒಂದೇ ಸಮನಾಗಿರುತ್ತದೆ. ಹರಿವನ್ನು ಅತಿಯಾಗಿ ಹೆಚ್ಚಿಸಿದರೆ, ಹುಟ್ಟುವುದಕ್ಕಿಂತ ಬೇಗ ಎಲ್ಲವೂ ಕೊಚ್ಚಿಹೋಗಿ ಪಾತ್ರೆ ಬರಿದಾಗುತ್ತದೆ. ಅಂದರೆ, ಒಂದು ನಲ್ಲಿಯನ್ನು ತಿರುಗಿಸಿ ಜೀವದ ಬೆಳವಣಿಗೆಯ ವೇಗವನ್ನು ಮನುಷ್ಯ ನಿರ್ಧರಿಸಬಹುದಾಯಿತು.

ಇತ್ತ ಪೆನಿಸಿಲಿನ್ನಿನ ಕಥೆ ಸಮುದ್ರ ದಾಟಿತ್ತು. ೧೯೪೧ರ ಬೇಸಗೆಯಲ್ಲಿ ಫ್ಲೋರಿ ಮತ್ತು ಹೀಟ್ಲಿ ಬೂಷ್ಟನ್ನು ಹೊತ್ತು ಅಮೆರಿಕಕ್ಕೆ ಹೋದರು. ಇಲಿನಾಯ್ ಪ್ರಾಂತದ ಪಿಯೋರಿಯ ಎಂಬ ಊರಿನಲ್ಲಿ ಸರ್ಕಾರದ ಕೃಷಿ ಪ್ರಯೋಗಶಾಲೆಯೊಂದಿತ್ತು. ಅಲ್ಲಿನ ಆಂಡ್ರ್ಯೂ ಮೋಯರ್ ಅವರು, ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವಾಗ ಉಳಿಯುವ ನೆನೆನೀರನ್ನು ಬೂಷ್ಟಿನ ಆಹಾರಕ್ಕೆ ಬೆರೆಸಿದರು. ಇಳುವರಿ ಹಲವು ಪಟ್ಟು ಏರಿತು. ೧೯೪೩ರಲ್ಲಿ ಅದೇ ಊರಿನ ಪೇಟೆಯ ಒಂದು ಕರಬೂಜದ ಹಣ್ಣಿನ ಮೇಲೆ ಇನ್ನೂ ಉತ್ತಮವಾದ ಬೂಷ್ಟಿನ ತಳಿ ಸಿಕ್ಕಿತು. ಇವೆಲ್ಲವನ್ನೂ ಉತ್ತಮವೆಂದು ತೀರ್ಮಾನಿಸಿದ್ದು ಯಾರ ಊಹೆಯೂ ಅಲ್ಲ, ಹೀಟ್ಲಿಯವರ ಯೂನಿಟ್ಟಿನ ಲೆಕ್ಕ. ಅಳತೆ ಇಲ್ಲದಿದ್ದರೆ ಕರಬೂಜದ ಬೂಷ್ಟು ತಿಪ್ಪೆ ಸೇರುತ್ತಿತ್ತು.

ಆದರೂ ೧೯೪೨ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಒಬ್ಬಳು ರೋಗಿಯನ್ನು ಉಳಿಸಲು ಆ ದೇಶದಲ್ಲಿದ್ದ ಪೆನಿಸಿಲಿನ್ನಿನ ಅರ್ಧಭಾಗ ಖರ್ಚಾಯಿತು. ತಟ್ಟೆಗಳ ಕಾಲ ಮುಗಿದು ತೊಟ್ಟಿಗಳ ಕಾಲ ಬರಬೇಕಾಗಿತ್ತು. ಬೂಷ್ಟನ್ನು ರಸದ ಮೇಲ್ಮೈಯಲ್ಲಿ ಅಲ್ಲ, ರಸದೊಳಗೇ ಮುಳುಗಿಸಿ ಬೆಳೆಸಬೇಕು. ಇಲ್ಲಿ ಜೀವಶಾಸ್ತ್ರಜ್ಞರ ಕೈ ಸೋತಿತು. ಎಂಜಿನಿಯರುಗಳು ಮುಂದೆ ಬಂದರು.

ಏಕೆಂದರೆ ತೊಡಕು ಗಾಳಿಯದು. ಒಂದು ಲೀಟರ್ ನೀರಿನಲ್ಲಿ ನೂರಾರು ಗ್ರಾಂ ಸಕ್ಕರೆ ಕರಗುತ್ತದೆ. ಆದರೆ ಗಾಳಿಯಿಂದ ಕರಗುವ ಆಮ್ಲಜನಕ ಏಳೆಂಟು ಮಿಲಿಗ್ರಾಂ ಮಾತ್ರ. ದಟ್ಟವಾಗಿ ಬೆಳೆದ ಬೂಷ್ಟು ಅಷ್ಟನ್ನು ಒಂದು ನಿಮಿಷದೊಳಗೆ ಉಸಿರಾಡಿ ಮುಗಿಸುತ್ತದೆ. ಆಮೇಲೆ ಉಸಿರುಕಟ್ಟುವುದೇ. ಆದುದರಿಂದ ಕ್ಷಣಕ್ಷಣವೂ ಹೊಸ ಆಮ್ಲಜನಕವನ್ನು ಕರಗಿಸುತ್ತಲೇ ಇರಬೇಕು. ಗಾಳಿಯನ್ನು ತಳದಿಂದ ಊದಿ, ಚಕ್ರದಿಂದ ಕಡೆದು ಗುಳ್ಳೆಗಳನ್ನು ಒಡೆಯಬೇಕು. ಒಂದು ಸೆಂಟಿಮೀಟರಿನ ಒಂದು ಗುಳ್ಳೆಯನ್ನು ಒಂದು ಮಿಲಿಮೀಟರಿನ ಸಾವಿರ ಗುಳ್ಳೆಗಳಾಗಿ ಒಡೆದರೆ, ಗಾಳಿ ಅಷ್ಟೇ, ಆದರೆ ನೀರಿಗೆ ತಾಗುವ ಮೈ ಹತ್ತುಪಟ್ಟು. ಇನ್ನು ಕಾವಿನ ತೊಡಕು. ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ ಹತ್ತುಪಟ್ಟು ಮಾಡಿದರೆ ಒಳಗಿನ ರಸ ಸಾವಿರಪಟ್ಟಾಗುತ್ತದೆ. ಕಾವನ್ನು ಹೊರಬಿಡುವ ಹೊರಮೈ ನೂರುಪಟ್ಟು ಮಾತ್ರ. ಸಣ್ಣ ಪಾತ್ರೆಯಲ್ಲಿ ತಾನಾಗಿ ತಣಿಯುವ ರಸವನ್ನು ದೊಡ್ಡ ತೊಟ್ಟಿಯಲ್ಲಿ ತಣ್ಣೀರಿನ ಕೊಳವೆ ಹಾಯಿಸಿ ತಣಿಸಬೇಕು. ಇವೆಲ್ಲದರ ಜೊತೆಗೆ, ಊದುವ ಗಾಳಿಯಲ್ಲಿ ಬೇರೊಂದು ಜೀವಾಣುವೂ ನುಸುಳಬಾರದು.

ಈ ತೊಡಕುಗಳನ್ನು ಬಿಡಿಸಿದವರಲ್ಲಿ ಮಾರ್ಗರೆಟ್ ಹಚಿನ್ಸನ್ ಎಂಬ ಮಹಿಳೆಯನ್ನು ನೆನೆಯಲೇಬೇಕು. ರಾಸಾಯನಿಕ ಎಂಜಿನಿಯರಿಂಗಿನಲ್ಲಿ ಎಂ. ಐ. ಟಿ. ಸಂಸ್ಥೆಯಿಂದ ೧೯೩೭ರಲ್ಲಿ ಡಾಕ್ಟರೇಟ್ ಪಡೆದ ಆಕೆ ಪೆನಿಸಿಲಿನ್ ಕಾರ್ಖಾನೆಯ ವಿನ್ಯಾಸದಲ್ಲಿ ದುಡಿದರು. ೧೯೪೪ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ, ಹಿಂದೆ ಮಂಜುಗಡ್ಡೆಯ ಕಾರ್ಖಾನೆಯಾಗಿದ್ದ ಕಟ್ಟಡದಲ್ಲಿ, ಫೈಜರ್ ಕಂಪನಿ ೧೪ ತೊಟ್ಟಿಗಳನ್ನು ನಡೆಸತೊಡಗಿತು. ಒಂದೊಂದೂ ೭,೫೦೦ ಗ್ಯಾಲನ್. ಅಮೆರಿಕದ ಒಟ್ಟು ಉತ್ಪಾದನೆ ೧೯೪೩ರಲ್ಲಿ ೨,೧೦೦ ಕೋಟಿ ಯೂನಿಟ್ ಇದ್ದದ್ದು ೧೯೪೪ರಲ್ಲಿ ೧,೬೬,೩೦೦ ಕೋಟಿ ಆಯಿತು. ೧೯೪೫ರಲ್ಲಿ ೬,೮೦,೦೦೦ ಕೋಟಿಯನ್ನು ದಾಟಿತು. ಅಲೆಕ್ಸಾಂಡರನು ಸತ್ತು ನಾಲ್ಕೇ ವರ್ಷಗಳಲ್ಲಿ ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಯುದ್ಧ ಮುಗಿದ ಮೇಲೆ ವಿಶ್ವವಿದ್ಯಾನಿಲಯಗಳಿಗೆ ಒಂದು ಅರಿವುಂಟಾಯಿತು. ಜೀವಶಾಸ್ತ್ರಜ್ಞನಿಗೆ ಬೂಷ್ಟಿನ ಸ್ವಭಾವ ಗೊತ್ತು, ಕೊಳವೆಯ ಲೆಕ್ಕ ಗೊತ್ತಿಲ್ಲ. ಎಂಜಿನಿಯರನಿಗೆ ಕೊಳವೆ ಗೊತ್ತು, ಬೂಷ್ಟು ಗೊತ್ತಿಲ್ಲ. ಯುದ್ಧದ ಅವಸರ ಅವರಿಬ್ಬರನ್ನೂ ಒಂದೆಡೆ ಕೂರಿಸಿತ್ತು. ಅವಸರ ತೀರಿದ ಮೇಲೂ ಕೂಡಿಸಬೇಕಾದರೆ ಎರಡನ್ನೂ ಒಬ್ಬನೇ ವಿದ್ಯಾರ್ಥಿಗೆ ಕಲಿಸಬೇಕು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಎಲ್ಮರ್ ಗೇಡನ್ ಎಂಬವರು ಪೆನಿಸಿಲಿನ್ ಬೂಷ್ಟಿನ ಆಮ್ಲಜನಕದ ಬೇಡಿಕೆಯನ್ನೇ ವಿಷಯವಾಗಿ ಆರಿಸಿಕೊಂಡು ೧೯೪೯ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲೇ ಅಧ್ಯಾಪಕರಾಗಿ ನಿಂತು ಈ ಹೊಸ ವಿದ್ಯೆಗೆ ಪಾಠಕ್ರಮವನ್ನು ಕಟ್ಟಿದರು. ೧೯೫೯ರಲ್ಲಿ ಅವರು ಆರಂಭಿಸಿದ ಪತ್ರಿಕೆ ೧೯೬೨ರಿಂದ ‘ಬಯೋಟೆಕ್ನಾಲಜಿ ಅಂಡ್ ಬಯೋಎಂಜಿನಿಯರಿಂಗ್’ ಎಂಬ ಹೆಸರಿನಲ್ಲಿ ನಡೆಯಿತು. ಟೋಕಿಯೋದ ಶುಯಿಚಿ ಐಬ, ಪೆನ್ಸಿಲ್ವೇನಿಯದ ಆರ್ಥರ್ ಹಂಫ್ರಿ, ಮೆಲ್ಬರ್ನಿನ ನ್ಯಾನ್ಸಿ ಮಿಲಿಸ್, ಈ ಮೂವರು ಕೂಡಿ ಟೋಕಿಯೋದಲ್ಲಿ ಕೊಟ್ಟ ಉಪನ್ಯಾಸಗಳಿಂದ ಬೆಳೆದ ಪಠ್ಯಪುಸ್ತಕ ೧೯೬೫ರಲ್ಲಿ ಹೊರಬಂದು ಅನೇಕ ದೇಶಗಳ ತರಗತಿಗಳನ್ನು ಸೇರಿತು. ಇಪ್ಪತ್ತು ವರ್ಷ ಹಿಂದೆ ಪರಸ್ಪರ ಯುದ್ಧದಲ್ಲಿದ್ದ ದೇಶಗಳ ವಿದ್ವಾಂಸರು ಒಂದೇ ಪುಸ್ತಕಕ್ಕೆ ಹೆಸರು ಹಾಕಿದ್ದೂ ಸಣ್ಣ ಮಾತಲ್ಲ.

ಈ ವಿದ್ಯೆ ಔಷಧಕ್ಕಾಗಿಯೇ ಹುಟ್ಟಿದ್ದೆಂದು ತಿಳಿಯಬೇಕಾಗಿಲ್ಲ. ಅದರ ಇನ್ನೊಂದು ಬೇರು ಊರಿನ ಕೊಳಚೆ ನೀರಿನಲ್ಲಿದೆ. ಆ ಬೇರು ನಮ್ಮ ಬೆಂಗಳೂರಿಗೂ ಚಾಚಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ೧೯೧೨ರಲ್ಲಿ ಅಮೆರಿಕದ ಲಾರೆನ್ಸ್ ನಗರದಲ್ಲಿ, ಕೊಳಚೆಗೆ ಗಾಳಿ ಊದಿ ಶುದ್ಧಮಾಡುವ ಪ್ರಯೋಗವನ್ನು ನೋಡಿ ಬಂದು, ಅದನ್ನು ಮುಂದುವರಿಸುವಂತೆ ಅರ್ಡರ್ನ್ ಮತ್ತು ಲಾಕೆಟ್ ಎಂಬವರನ್ನು ಪ್ರೇರಿಸಿದರು. ಅವರಿಬ್ಬರು ಮೊದಲು ಒಂದು ಪಾತ್ರೆ ಕೊಳಚೆಯನ್ನು ಪೂರ್ತಿ ಶುದ್ಧಮಾಡಲು ಸುಮಾರು ಐದು ವಾರ ಗಾಳಿ ಊದಬೇಕಾಯಿತು. ಆದರೆ ತಳದಲ್ಲಿ ಕೂತ ಗಸಿಯನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆಯೇ ಹೊಸ ಕೊಳಚೆಯನ್ನು ತುಂಬಿ ತುಂಬಿ ನೋಡಿದಾಗ ಐದು ವಾರದ ಕೆಲಸ ಕೆಲವು ಗಂಟೆಗಳಿಗೆ ಇಳಿಯಿತು. ಗಸಿಯೆಂದು ಚೆಲ್ಲುತ್ತಿದ್ದುದು ಜೀವಿಗಳ ರಾಶಿ. ನಿನ್ನೆಯ ಮೊಸರನ್ನು ಇಂದಿನ ಹಾಲಿಗೆ ಹೆಪ್ಪು ಹಾಕುವಂತೆ! ಈ ಫಲಿತಾಂಶವನ್ನು ೧೯೧೪ರಲ್ಲಿ ಲೋಕಕ್ಕೆ ತಿಳಿಸಿದರು. ಎಷ್ಟು ಕೊಳಚೆಗೆ ಎಷ್ಟು ಜೀವರಾಶಿ, ಎಷ್ಟು ಗಾಳಿ, ಎಷ್ಟು ಹೊತ್ತು ಎಂಬ ಲೆಕ್ಕದ ಮೇಲೆಯೇ ಇಂದಿಗೂ ನಗರಗಳ ಕೊಳಚೆ ಶುದ್ಧೀಕರಣ ನಡೆದಿದೆ.

ಆ ಫೌಲರರೇ ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ೧೯೨೧ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಅವರಿಂದ ಆರಂಭವಾಯಿತು. ಜನರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುವ ಆ ಆವರಣದಲ್ಲಿ ಹೀಗೆ ಈ ವಿದ್ಯೆಯ ಬೀಜ ಬಹಳ ಹಿಂದೆಯೇ ಬಿದ್ದಿತ್ತು. ಸ್ವಾತಂತ್ರ್ಯ ಬಂದ ಮೇಲೆ ೧೯೫೪ರಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಯಿತು. ೧೯೫೫ರಲ್ಲಿ ಅಲ್ಲಿ ನಮ್ಮದೇ ಪೆನಿಸಿಲಿನ್ ತಯಾರಾಗತೊಡಗಿತು. ಅಲ್ಲಿಯೇ ಕನ್ನಡನಾಡಿನ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್ ಅವರು ಹೆಮೈಸಿನ್ ಎಂಬ ಹೊಸ ಔಷಧವನ್ನು ಕಂಡುಹಿಡಿದರು.

ಇಂದಿನ ಕಾರ್ಖಾನೆಗಳಲ್ಲಿ ಒಂದು ಲೀಟರ್ ರಸ ೫೦ ಗ್ರಾಂ ಪೆನಿಸಿಲಿನ್ ಕೊಡುವುದುಂಟು; ಆಕ್ಸ್‌ಫರ್ಡಿನ ತಟ್ಟೆಗಳಲ್ಲಿ ಅದು ಸುಮಾರು ಒಂದು ಮಿಲಿಗ್ರಾಂ. ಬೂಷ್ಟಿನ ತಳಿಯನ್ನು ತಿದ್ದಿದವರು, ಆಹಾರವನ್ನು ಹೊಂದಿಸಿದವರು, ಗುಳ್ಳೆಗಳನ್ನು ಒಡೆದವರು, ಎಲ್ಲರ ಕೆಲಸವೂ ಆ ಅಂತರದಲ್ಲಿ ಅಡಗಿದೆ. ಕರಿಹಲಗೆಯ ಮೇಲಿನ ಸಮೀಕರಣಗಳನ್ನು ಕಂಡು ಬೆಚ್ಚುವ ವಿದ್ಯಾರ್ಥಿ ಇದನ್ನು ತಿಳಿದಿರಬೇಕು. ಲೆಕ್ಕವು ಜೀವದ ಬೆರಗನ್ನು ಕಳೆಯುವುದಿಲ್ಲ. ಆ ಬೆರಗನ್ನು ರೋಗಿಯ ಹಾಸಿಗೆಯವರೆಗೆ ಮುಟ್ಟಿಸುತ್ತದೆ.

ಲೆಕ್ಕದ ಹೊಣೆ ಕಾರ್ಖಾನೆಯ ಬಾಗಿಲಲ್ಲಿ ಮುಗಿಯುವುದೂ ಇಲ್ಲ. ೧೯೪೫ರಲ್ಲಿ ಫ್ಲೋರಿ ಮತ್ತು ಚೈನ್ ಅವರೊಡನೆ ನೊಬೆಲ್ ಬಹುಮಾನ ಪಡೆದಾಗ ಫ್ಲೆಮಿಂಗರು ತಮ್ಮ ಭಾಷಣದಲ್ಲಿ ಒಂದು ಎಚ್ಚರಿಕೆ ಕೊಟ್ಟರು: ಮದ್ದನ್ನು ಅರೆಪ್ರಮಾಣದಲ್ಲಿ ತೆಗೆದುಕೊಂಡರೆ ರೋಗಾಣು ಸಾಯುವುದಿಲ್ಲ, ಮದ್ದನ್ನು ತಡೆದುಕೊಳ್ಳಲು ಕಲಿಯುತ್ತದೆ. ಅವರ ಮಾತು ನಿಜವಾಗಿದೆ. ಪೆನಿಸಿಲಿನ್ನಿಗೆ ಬಗ್ಗದ ರೋಗಾಣುಗಳು ಇಂದು ಲೋಕದಲ್ಲೆಲ್ಲ ಇವೆ. ಅಲೆಕ್ಸಾಂಡರನಿಗೆ ಮದ್ದು ಸಾಲದೆ ಹೋಯಿತು. ನಮಗೆ ಸಾಕಷ್ಟು ಮದ್ದಿದೆ. ಆದರೆ ವೈದ್ಯರು ಹೇಳದೆ ನುಂಗುವುದು, ಹೇಳಿದ ಲೆಕ್ಕವನ್ನು ನಡುವೆ ಮುರಿಯುವುದು, ಇವೆರಡೂ ಆ ಮದ್ದನ್ನು ಮತ್ತೆ ಇಲ್ಲದಂತೆ ಮಾಡಬಲ್ಲವು. ಸೂಕ್ಷ್ಮಜೀವಿಗಳನ್ನು ಎಣಿಸಲು ಲೋಕ ಇಷ್ಟು ಕಷ್ಟಪಟ್ಟು ಕಲಿತಿರುವಾಗ, ಮನೆಯಲ್ಲಿ ಕುಳಿತ ನಾವು ಮಾತ್ರೆಗಳನ್ನು ಸರಿಯಾಗಿ ಎಣಿಸುವುದನ್ನಾದರೂ ಮರೆಯಬಾರದು.